ಮಳೆ ಹಿಡಿಯುವ ಮೊದಲು ಎರಡು ಎಲೆ ಕೊಟ್ಟುಬಿಡಿ

ನಮ್ಮ ಜಗಲಿಯಲ್ಲಿರುವ ಆಫ್ರಿಕನ್ ವಯೊಲೆಟ್‌ಗಳಲ್ಲಿ ಅರ್ಧದಷ್ಟು ನನ್ನವಲ್ಲ. ಕೆಲವು ಕುಶಾಲನಗರದ ನಾದಿನಿಯವು, ಕೆಲವು ಮಡಿಕೇರಿಯ ಒಬ್ಬರು ರಿಟೈರ್ಡ್ ಟೀಚರ್ ಅವರವು, ಒಂದೆರಡು ಗೋಣಿಕೊಪ್ಪದಿಂದ ಬಂದವು. ಇದು ಕುಂಡದಲ್ಲಿ ಬೆಳೆಸುವ ಸಣ್ಣ ಹೂಗಿಡ, ಒಂದು ಎಲೆ ಊರಿದರೂ ಮರಿ ಬರುತ್ತದೆ. ನನ್ನ ಗಿಡಗಳ ಮರಿಗಳು ಅವರ ಮನೆಗಳಲ್ಲಿವೆ. ಮನೆಗೆ ಬಂದವರು "ನಿಮ್ಮತ್ರ ಎಷ್ಟು ವೆರೈಟಿ ಉಂಟು?" ಅಂತ ಕೇಳಿದರೆ ಏನು ಹೇಳಬೇಕು ಅಂತಲೇ ಗೊತ್ತಾಗಲ್ಲ. ಇಲ್ಲಿರುವುದನ್ನು ಮಾತ್ರ ಲೆಕ್ಕ ಹಾಕಬೇಕಾ, ಅಲ್ಲಿರುವುದನ್ನೂ ಸೇರಿಸಬೇಕಾ?

ಹೀಗೆ ಹಂಚಿ ಇಡುವುದರಲ್ಲಿ ದಾನಧರ್ಮ ಏನೂ ಇಲ್ಲ, ಪೂರ್ತಿ ಸ್ವಾರ್ಥ. ಕೊಡಗಿನಲ್ಲಿ ವಯೊಲೆಟ್ ಕೂಡಿಹಾಕಲು ಹೊರಟವರಿಗೆ ಬೇರೆ ದಾರಿ ನನಗಂತೂ ಕಂಡಿಲ್ಲ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಈ ಗಿಡಕ್ಕೆ ನಮ್ಮ ಊರಿನಷ್ಟು ಹಿತವಾದ ಜಾಗ ಸಿಗುವುದು ಕಷ್ಟ. ಉಳಿದದ್ದು ಮಳೆಗಾಲ. ಆಗ ಒಂದು ಮನೆಯಲ್ಲಿ ಒಂದು ವೆರೈಟಿ ಹೋಗಬಹುದು, ಇನ್ನೊಂದು ಮನೆಯಲ್ಲಿ ಬೇರೊಂದು ಹೋಗಬಹುದು. ಎಲ್ಲ ಮನೆಯಲ್ಲೂ ಒಂದೇ ವೆರೈಟಿ ಒಂದೇ ಸಲ ಹೋಗುವುದು ಅಪರೂಪ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಆಫ್ರಿಕನ್ ವಯೊಲೆಟ್‌ಗೂ ನಿಜವಾದ ವಯೊಲೆಟ್‌ಗೂ ಸಂಬಂಧ ಇಲ್ಲ. ಚಳಿಗಾಲದಲ್ಲಿ ಫಲಪುಷ್ಪ ಪ್ರದರ್ಶನದಲ್ಲಿ ಸಾಲಾಗಿ ಜೋಡಿಸಿಡುವ ಪ್ಯಾನ್ಸಿ ಇದೆಯಲ್ಲ, ಅದು ನಿಜವಾದ ವಯೊಲೆಟ್ ಕುಟುಂಬದ್ದು. ಅದನ್ನು ಬೀಜದಿಂದ ಬೆಳೆಸಿ, ಹೂ ನೋಡಿ, ಮಳೆ ಬಂದರೆ ಮರೆತುಬಿಡಬೇಕು. ಆಫ್ರಿಕನ್ ವಯೊಲೆಟ್ ಗೆಸ್ನೇರಿಯೇಸಿ ಕುಟುಂಬದ್ದು. ಅದೇ ಕುಟುಂಬದ ಕಾಡುಗಿಡಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಮಳೆಗಾಲದಲ್ಲಿ ನೀರು ಜಿನುಗುವ ಬಂಡೆಗೆ ಅಂಟಿಕೊಂಡು, ರೋಮ ರೋಮದ ಎಲೆ ಬಿಟ್ಟು, ತಿಳಿ ನೇರಳೆ ಬಣ್ಣದ ಹೂ ಬಿಡುವ ಸಣ್ಣ ಗಿಡಗಳನ್ನು ನೋಡಿರುತ್ತೀರಿ. ಅವನ್ನು ಕಿತ್ತು ತಂದು ಕುಂಡದಲ್ಲಿ ಹಾಕಬೇಡಿ. ಬದುಕಲ್ಲ. ಬಂಡೆಯೂ ಬೋಳಾಗುತ್ತದೆ.

ಈ ಗಿಡದ ಮೂಲ ಈಗಿನ ಟಾಂಜಾನಿಯಾ. ಅಲ್ಲಿನ ಉಸಾಂಬರಾ ಬೆಟ್ಟಗಳಲ್ಲಿ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ 1892ರಲ್ಲಿ ಇದನ್ನು ಕಂಡು ತನ್ನ ತಂದೆಗೆ ಕಳಿಸಿದ. ಮುಂದಿನ ವರ್ಷ ಹರ್ಮನ್ ವೆಂಡ್‌ಲ್ಯಾಂಡ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಸೇಂಟ್‌ಪಾಲಿಯಾ ಅಂತ ಹೆಸರಿಟ್ಟರು. 2015ರಿಂದ ವಿಜ್ಞಾನಿಗಳು ಇದನ್ನು ಸ್ಟ್ರೆಪ್ಟೊಕಾರ್ಪಸ್ ಕುಲಕ್ಕೆ ಸೇರಿಸಿದ್ದಾರೆ. ಬೆಳೆಸುವವರು ಯಾರೂ ಆ ಹೆಸರು ಹೇಳುವುದನ್ನು ನಾನು ಕೇಳಿಲ್ಲ.

ನನಗೆ ಇದರಲ್ಲಿ ಇಷ್ಟವಾಗಿದ್ದು ಬೇರೆ ವಿಷಯ. ಆ ಕಾಲದಲ್ಲಿ ಜರ್ಮನ್ನರು ಆ ಬೆಟ್ಟಗಳಲ್ಲಿ ಕಾಫಿ ತೋಟ ಮಾಡಲು ಹೊರಟಿದ್ದರು. ಮಂಜು, ನೆರಳು, ಪಾಚಿ ಹಿಡಿದ ಬಂಡೆ, ಅದರ ಸಂದಿಯಲ್ಲಿ ಒಂದು ಹಿಡಿ ಎಲೆಗೊಬ್ಬರ, ಅದರಲ್ಲಿ ವಯೊಲೆಟ್. ಕೇಳಿದರೆ ನಮ್ಮ ಭಾಗಮಂಡಲದ ಕಡೆಯ ವರ್ಣನೆ ಅನ್ನಿಸುತ್ತದೆ ಅಲ್ವಾ? ಕಾಡು ಕಡಿದು ಆ ಕಾಡುಗಿಡಗಳು ಈಗ ಅಲ್ಲೇ ಅಪಾಯದಲ್ಲಿವೆ. ಅಂಗಡಿಯಲ್ಲಿ ಸಿಗುವ ಸಾವಿರಾರು ಹೈಬ್ರಿಡ್‌ಗಳ ಅಜ್ಜಿ ತನ್ನ ತವರಿನಲ್ಲಿ ಇಲ್ಲವಾಗುತ್ತಿದ್ದಾಳೆ.

ಬೆಟ್ಟದ ಗಿಡ ಆದ್ದರಿಂದಲೇ ಅದಕ್ಕೆ 18ರಿಂದ 24 ಡಿಗ್ರಿ ಬಿಸಿ ಇಷ್ಟ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ ಇದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಆಮೇಲೆ ಫೆಬ್ರವರಿಯಿಂದ ಮೇ ತನಕ, ಎ.ಸಿ. ಇಲ್ಲ, ಹೀಟರ್ ಇಲ್ಲ, ಗಿಡಕ್ಕೆ ಬೇಕಾದ ಹವೆ ತಾನಾಗಿಯೇ ಕಿಟಕಿಯಿಂದ ಒಳಗೆ ಬರುತ್ತದೆ. ಬೆಂಗಳೂರಿನವರು ಇದಕ್ಕೆ ಎಷ್ಟು ಒದ್ದಾಡುತ್ತಾರೆ ಅಂತ ಕೇಳಿದ್ದೇನೆ. ನಮಗೆ ಪೂರ್ವಕ್ಕೆ ಒಂದು ಕಿಟಕಿ ಇದ್ದರೆ ಸಾಕು. ಬೆಳಗಿನ ಎಳೆ ಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ನಮ್ಮದು ಚೇರಂಬಾಣೆ ಕಡೆ. ಜಗಲಿ ಪೂರ್ವಕ್ಕಿದೆ, ಎದುರಿಗೆ ಸಿಲ್ವರ್ ಓಕ್ ಮರಗಳ ನೆರಳು. ಮನೆ ಕಟ್ಟಿಸಿದ ಮಾವನವರಿಗೆ ವಯೊಲೆಟ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ, ಆದರೆ ಜಗಲಿ ಮಾತ್ರ ಅದಕ್ಕೆಂದೇ ಕಟ್ಟಿಸಿದ ಹಾಗಿದೆ.

ನಾದಿನಿಯ ಮನೆ ಕುಶಾಲನಗರದಲ್ಲಿ. ಅದೂ ಕೊಡಗೇ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಆದರೆ ಘಟ್ಟ ಇಳಿದ ಹಾಗೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ, ಬಿಸಿ ಜಾಸ್ತಿಯಾಗುತ್ತದೆ. ನಮ್ಮಲ್ಲಿ ಜುಲೈನಲ್ಲಿ ಗಿಡ ಕೊಳೆಯುತ್ತದೆ, ಅವಳಲ್ಲಿ ಏಪ್ರಿಲ್‌ನಲ್ಲಿ ಬಾಡುತ್ತದೆ. ಇದಕ್ಕಿಂತ ಒಳ್ಳೆ ಜೋಡಿ ಸಿಗುತ್ತದಾ? ಈಗ ನಮ್ಮಿಬ್ಬರಲ್ಲಿ ಒಪ್ಪಂದ ಇದೆ. ಅವಳು ಬೇಸಿಗೆಗೆ ಮೊದಲು ತನ್ನ ಗಿಡಗಳ ಎಲೆ ಇಲ್ಲಿಗೆ ಕಳಿಸುತ್ತಾಳೆ. ನಾನು ಮಳೆಗೆ ಮೊದಲು ನನ್ನದನ್ನು ಅಲ್ಲಿಗೆ ಕಳಿಸುತ್ತೇನೆ. ಹಬ್ಬಕ್ಕೋ ಮದುವೆಗೋ ಯಾರಾದರೂ ಹೋಗುವವರಿದ್ದರೆ ಟಿಫಿನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಎಲೆ ಇಟ್ಟು ಕೊಟ್ಟರೆ ಆಯಿತು.

ಒಂದೇ ವೆರೈಟಿ ಎರಡು ಕಡೆ ಬೆಳೆದಾಗ ಇನ್ನೊಂದು ತಮಾಷೆ ಕಾಣಿಸುತ್ತದೆ. ಎಲೆಯ ಅಂಚಿನಲ್ಲಿ ಬಿಳಿ ಇರುವ ಜಾತಿ ಇದೆ, ಟಾಮಿ ಲೂ ತರಹದ ವೇರಿಗೇಶನ್ ಅನ್ನುತ್ತಾರೆ. ಚಳಿಯಲ್ಲಿ ಬಿಳಿ ಜಾಸ್ತಿಯಾಗುತ್ತದೆ, ಸೆಕೆಯಲ್ಲಿ ಹಸಿರು ಜಾಸ್ತಿಯಾಗುತ್ತದೆ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಮುಕ್ಕಾಲು ಎಲೆ ಬೆಣ್ಣೆ ಬಣ್ಣ, ನಡುವೆ ಚೂರು ಹಸಿರು. ಅದೇ ಗಿಡದ ಮರಿ ಕುಶಾಲನಗರದಲ್ಲಿ ಏಪ್ರಿಲ್ ಹೊತ್ತಿಗೆ ಪೂರ್ತಿ ಹಸಿರಾಗಿ ಕೂತಿತ್ತು. "ಅತ್ತಿಗೆ, ನೀವು ನನಗೆ ಬೇರೆ ಎಲೆ ಕೊಟ್ಟಿದ್ದೀರಿ" ಅಂತ ಫೋನಿನಲ್ಲಿ ಜಗಳವೇ ಮಾಡಿದಳು. ಹೂವಿನ ಬಣ್ಣಕ್ಕೂ ಹಾಗೆಯೇ, ತಂಪಿನಲ್ಲಿ ಗಾಢ, ಸೆಕೆಯಲ್ಲಿ ಸ್ವಲ್ಪ ಪೇಲವ. ಅದಕ್ಕೇ ಇನ್ನೊಬ್ಬರು ಹಾಕಿದ ಫೋಟೋ ನೋಡಿ ವೆರೈಟಿ ಗುರುತಿಸುವುದು ನನಗೆ ಸರಿ ಬರಲ್ಲ. ಯಾರಾದರೂ ಫೋಟೋ ಕಳಿಸಿ ಹೆಸರು ಕೇಳಿದರೆ ನಾನು ಹೇಳಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹೆಸರಿನ ವಿಷಯಕ್ಕೇ ಬರೋಣ. ಗಿಡ ಕೂಡಿಹಾಕುವವರ ಅರ್ಧ ಸಂತೋಷ ಅದರಲ್ಲಿದೆ, ಮುಕ್ಕಾಲು ಜಗಳವೂ ಅದರಲ್ಲೇ. ಅಮೆರಿಕದ ಲಾಸ್ ಏಂಜಲೀಸ್‌ನ ಆರ್ಮಕಾಸ್ಟ್ ಅಂಡ್ ರಾಯ್‌ಸ್ಟನ್ ನರ್ಸರಿಯವರು 1920ರ ದಶಕದಲ್ಲಿ ಬೀಜ ತರಿಸಿ, ಸಸಿ ಬೆಳೆಸಿ, ಆರಿಸಿ ಆರಿಸಿ ಕೊನೆಗೆ ಹತ್ತು ವೆರೈಟಿ ಹೊರತಂದರು. ಬ್ಲೂ ಬಾಯ್, ಸೈಲರ್ ಬಾಯ್, ವೈಕಿಂಗ್, ನೆಪ್ಚೂನ್, ಅಡ್ಮಿರಲ್, ಹೀಗೆ. ಎಲ್ಲವೂ ನೀಲಿ-ನೇರಳೆಯ ಸುತ್ತಮುತ್ತ. ಅವುಗಳಲ್ಲಿ ಬ್ಲೂ ಬಾಯ್ ಜಗತ್ತಿನ ತುಂಬ ಹರಡಿತು. ಅದರಿಂದ ತಾನಾಗಿಯೇ ಬದಲಾದ ಗಿಡಗಳು ಹುಟ್ಟಿದವು. ಎಲೆಯ ಬುಡದಲ್ಲಿ ಬಿಳಿ ಮಚ್ಚೆ ಇರುವ ಬ್ಲೂ ಗರ್ಲ್ ಬಂದಿದ್ದು ಹಾಗೆ. ಇವತ್ತಿಗೂ ಮಚ್ಚೆ ಇಲ್ಲದ ಸಾದಾ ಎಲೆಗೆ ಬಾಯ್ ಲೀಫ್, ಮಚ್ಚೆ ಇದ್ದರೆ ಗರ್ಲ್ ಲೀಫ್ ಅಂತಾರೆ. 1946ರಲ್ಲಿ ಅಮೆರಿಕದಲ್ಲಿ ಆಫ್ರಿಕನ್ ವಯೊಲೆಟ್ ಸೊಸೈಟಿ ಶುರುವಾಯಿತು. ವೆರೈಟಿಗಳ ಹೆಸರು ನೋಂದಾಯಿಸುವವರು ಅವರೇ.

ಅಲ್ಲಿಂದ ಇಲ್ಲಿಗೆ ಏನೇನು ಬಂದಿದೆ ನೋಡಿ. ಒಂಟಿ ಎಸಳು, ಜೋಡಿ ಎಸಳು, ನಕ್ಷತ್ರದ ಆಕಾರ, ಗಂಟೆಯ ಆಕಾರ. ಅಂಚಿಗೆ ಮಾತ್ರ ಬಿಳಿ ಇರುವವು. ಬಣ್ಣ ಚಿಮುಕಿಸಿದ ಹಾಗೆ ಚುಕ್ಕಿ ಇರುವ ಫ್ಯಾಂಟಸಿಗಳು. ಹಳದಿ ಮಾತ್ರ ತುಂಬಾ ವರ್ಷ ಯಾರ ಕೈಗೂ ಸಿಗಲಿಲ್ಲ. ನೋಲನ್ ಬ್ಲಾನ್ಸಿಟ್ ಎಂಬ ಅಮೆರಿಕದ ಬೆಳೆಗಾರ 1989ರ ಹೊತ್ತಿಗೆ ಹಳದಿ ಛಾಯೆ ಇರುವ ಗಿಡ ತೋರಿಸಿದರು. ಈಗಲೂ ಹಳದಿ ಅಂದರೆ ಬಿಳಿ ಹೂವಿನ ನಡುವೆ ಒಂದಿಷ್ಟು ಹಳದಿ, ಅಷ್ಟೇ. ಸಂಪಿಗೆ ಬಣ್ಣದ ವಯೊಲೆಟ್ ಅಂತ ಯಾರಾದರೂ ಆನ್‌ಲೈನ್‌ನಲ್ಲಿ ಫೋಟೋ ಹಾಕಿದ್ದರೆ ದುಡ್ಡು ಕಳಿಸಬೇಡಿ. ಅಚ್ಚ ನೀಲಿ, ಅಚ್ಚ ಕೆಂಪು ತೋರಿಸಿ ಬೀಜದ ಪೊಟ್ಟಣ ಮಾರುವವರೂ ಇದ್ದಾರೆ. ಹೈಬ್ರಿಡ್ ಗಿಡದ ಬೀಜದಿಂದ ಅದೇ ತಾಯಿಯ ಹೂ ಬರಲ್ಲ, ಅಲ್ಲಿಗೆ ಆ ಪೊಟ್ಟಣದ ಕಥೆ ಮುಗಿಯಿತು.

ಅಳತೆಯಲ್ಲೂ ಬೇರೆ ಬೇರೆ. ಎಂಟು ಇಂಚಿಗಿಂತ ಅಗಲ ಬೆಳೆಯುವುದು ಸ್ಟಾಂಡರ್ಡ್. ಆರರಿಂದ ಎಂಟು ಸೆಮಿ ಮಿನಿಯೇಚರ್. ಆರಕ್ಕಿಂತ ಕಡಿಮೆ ಇದ್ದರೆ ಮಿನಿಯೇಚರ್. ಇದಲ್ಲದೆ ಬಳ್ಳಿಯ ಹಾಗೆ ಹಲವು ತಲೆ ಒಡೆದು ಹರಡುವ ಟ್ರೇಲರ್ ಅಂತ ಒಂದು ಜಾತಿ. ನನ್ನನ್ನು ಕೇಳಿದರೆ ಮಳೆನಾಡಿನಲ್ಲಿ ಶುರು ಮಾಡುವವರು ಸೆಮಿ ಮಿನಿಯೇಚರ್ ತಗೊಳ್ಳಿ. ಎಲೆ ಸಣ್ಣ, ಎಲೆಗಳ ನಡುವೆ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಹತ್ತು ಕುಂಡವನ್ನು ಒಂದು ಟ್ರೇನಲ್ಲಿ ಎತ್ತಿ ಒಳಗೆ ಇಡಬಹುದು. ದೊಡ್ಡ ಸ್ಟಾಂಡರ್ಡ್ ಗಿಡ ಫೋಟೋಗೆ ಚೆಂದ. ಆದರೆ ಅದರ ಎಲೆಗಳು ಕುಂಡದ ಅಂಚಿಗೆ ಒರಗಿ ಕೂತಲ್ಲೇ ಕೊಳೆಯಲು ಶುರುವಾಗುತ್ತದೆ.

ಈಗೀಗ ಎಲ್ಲರಿಗೂ ರಷ್ಯಾ ಮತ್ತು ಉಕ್ರೇನ್ ಕಡೆಯ ವೆರೈಟಿಗಳ ಹುಚ್ಚು. ಹೆಸರಿನ ಮುಂದೆ ಇ.ಕೆ. ಅಂತ ಇದ್ದರೆ ಎಲೆನಾ ಕೊರ್ಶುನೋವಾ ಬೆಳೆಸಿದ್ದು, ಎಲ್.ಇ. ಅಂತ ಇದ್ದರೆ ಎಲೆನಾ ಲೆಬೆಟ್ಸ್ಕಾಯಾ ಬೆಳೆಸಿದ್ದು. ಹೂ ಒಂದೊಂದೂ ಅಂಗೈಯಲ್ಲಿ ಅರ್ಧ ತುಂಬುವಷ್ಟು ದೊಡ್ಡದು, ಅಂಚು ನೆರಿಗೆ ನೆರಿಗೆ. ನನ್ನ ಬಳಿಯೂ ಇವೆ. ಚೆಂದ, ಸುಳ್ಳು ಹೇಳಲ್ಲ. ಆದರೆ ಭಾರವಾದ ಜೋಡಿ ಎಸಳಿನ ಹೂವಿನೊಳಗೆ ತೇವ ನಿಲ್ಲುತ್ತದೆ. ಜೂನ್ ಎರಡನೇ ವಾರಕ್ಕೆ ಅದೇ ಹೂವಿನ ಮೇಲೆ ಬೂದು ಬಣ್ಣದ ಬೂಸ್ಟು ಬರುತ್ತದೆ. ಮಳೆಗಾಲದಲ್ಲಿ ನಾನು ಅವುಗಳ ಮೊಗ್ಗನ್ನೇ ಚಿವುಟಿ ಹಾಕುತ್ತೇನೆ. ನೋಡಿದವರು ಬೈಯುತ್ತಾರೆ.

ಕೈಮೆರಾ ಅಂತ ಇನ್ನೊಂದು ಇದೆ. ಎಸಳಿನ ನಡುವೆ ಪಟ್ಟೆ, ನೋಡಲು ತಿರುಗುವ ಗಿರಗಟ್ಟೆ. ಆ ಗಿಡದಲ್ಲಿ ಒಳಪದರದ ಜೀವಕೋಶಗಳೇ ಬೇರೆ, ಹೊರಪದರದವೇ ಬೇರೆ. ಎಲೆಯಿಂದ ಮರಿ ಮಾಡಿದರೆ ಪಟ್ಟೆ ಬರಲ್ಲ, ಸಾದಾ ಹೂ ಬರುತ್ತದೆ. ಬುಡದಲ್ಲಿ ಒಡೆಯುವ ಕವಲಿನಿಂದ ಅಥವಾ ಹೂವಿನ ತೊಟ್ಟಿನಿಂದ ಮಾತ್ರ ಅದನ್ನು ಹಾಗೇ ಉಳಿಸಬಹುದು. ಅದಕ್ಕೇ ಅಷ್ಟು ದುಬಾರಿ. ಕೈಮೆರಾದ ಎಲೆ ಮಾರುವವರಿಂದ ದೂರ ಇರಿ. ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತು. ನಾನು ಕೈಮೆರಾ ಇಟ್ಟುಕೊಂಡಿಲ್ಲ. ಎಲೆ ಹಂಚಿ ಉಳಿಸಲು ಆಗದ ಗಿಡ ನನ್ನ ಪದ್ಧತಿಗೆ ಹೊಂದಲ್ಲ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಗಿಡ ಯಾವುದು ಅಂದರೆ ಅತ್ತೆಯದು. ಅಡುಗೆಮನೆ ಕಿಟಕಿಯಲ್ಲಿ, ಹಳೇ ಅಲ್ಯೂಮಿನಿಯಂ ಪಾತ್ರೆಯೊಳಗೆ ಒಂದು ಕುಂಡ. ಒಂಟಿ ಎಸಳಿನ ನೇರಳೆ ಹೂ, ಸಾದಾ ಬಾಯ್ ಲೀಫ್. ಅವರಿಗೆ ಯಾರೋ ಕೊಟ್ಟಿದ್ದು, ಕೊಟ್ಟವರಿಗೆ ಇನ್ಯಾರೋ ಕೊಟ್ಟಿದ್ದು. ಪಕ್ಕದಲ್ಲೇ ಒಲೆ ಇರುವುದರಿಂದ ಮಳೆಗಾಲದಲ್ಲೂ ಅಲ್ಲಿ ಗಾಳಿ ಒಣಗಿರುತ್ತದೆ, ಅದೇ ಅದರ ಗುಟ್ಟು ಅಂತ ನನ್ನ ಅಂದಾಜು. "ನಿನ್ನ ಐನೂರು ರೂಪಾಯಿ ಗಿಡಕ್ಕೆ ಎಂಥ ಆಯ್ತು ಮಾರಾಯ್ತಿ, ಮೊನ್ನೆ ಚೆನ್ನಾಗಿತ್ತಲ್ಲ" ಅಂತ ಅತ್ತೆ ಕೇಳುವಾಗ ಅವರ ಗಿಡ ಹಿಂದೆ ನಿಂತು ಹೂ ಬಿಟ್ಟಿರುತ್ತದೆ. ಕೆಲವರು ನೋಡಿ "ಇದು ಬ್ಲೂ ಬಾಯ್ ಇರಬೇಕು" ಅಂದರು. ಇರಬಹುದು, ಇಲ್ಲದೆಯೂ ಇರಬಹುದು. ಹೆಸರು ಗೊತ್ತಿಲ್ಲದ ಗಿಡಕ್ಕೆ ಅಂದಾಜಿನ ಮೇಲೆ ಹೆಸರು ಅಂಟಿಸಿದರೆ ಅದರ ಎಲೆ ಹೋದ ಮನೆಗಳಲ್ಲೆಲ್ಲ ಆ ಸುಳ್ಳೇ ಬೆಳೆಯುತ್ತದೆ. ಅದಕ್ಕೆ ನಾನು ಚೀಟಿಯಲ್ಲಿ "ಹೆಸರಿಲ್ಲ, ಅತ್ತೆಯದು" ಅಂತ ಬರೆದಿದ್ದೇನೆ. ಹಾಗೆಯೇ ಹಂಚುತ್ತೇನೆ. ಗೋಣಿಕೊಪ್ಪದಲ್ಲೂ ಈಗ "ಹೆಸರಿಲ್ಲ, ಅತ್ತೆಯದು" ಅಂತ ಒಂದು ಕುಂಡ ಇದೆ, ಆ ಮನೆಯಲ್ಲಿ ಅತ್ತೆಯೇ ಇಲ್ಲ.

ಎಲೆಯಿಂದ ಮರಿ ಮಾಡುವುದು ಹೇಗೆ ಅಂತ ಜಾಸ್ತಿ ಜನ ಕೇಳುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತುಂಬಾ ಎಳೆಯದೂ ಬೇಡ, ಕೆಳಗಿನ ಸಾಲಿನ ಮುದಿ ಎಲೆಯೂ ಬೇಡ, ನಡುವಿನ ಸಾಲಿನ ಗಟ್ಟಿ ಎಲೆ ತಗೊಳ್ಳಿ. ತೊಟ್ಟನ್ನು ಒಂದು, ಒಂದೂವರೆ ಇಂಚು ಉಳಿಸಿ ಹೊಸ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ. ಎಲೆಯ ತುದಿಯನ್ನು ಸ್ವಲ್ಪ ಕತ್ತರಿಸಿಬಿಟ್ಟರೆ ಅದು ತಾನು ಬೆಳೆಯುವುದನ್ನು ಬಿಟ್ಟು ಬೇರಿನ ಕಡೆ ಶಕ್ತಿ ಹಾಕುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮ ಸಮ ಸೇರಿಸಿ, ಹಿಂಡಿದರೆ ನೀರು ಬೀಳದಷ್ಟು ಮಾತ್ರ ಒದ್ದೆ ಮಾಡಿ, ತೊಟ್ಟನ್ನು ಅರ್ಧ ಇಂಚು ಮಾತ್ರ ಊರಿ. ಮೇಲೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಿ. ಬೇರು ಬರಲು ಮೂರು ನಾಲ್ಕು ವಾರ ಬೇಕು. ಬುಡದಲ್ಲಿ ಇಲಿಕಿವಿಯಂಥ ಪುಟ್ಟ ಎಲೆಗಳು ಏಳಲು ಎರಡು ತಿಂಗಳಾದರೂ ಆಗುತ್ತದೆ, ಚಳಿಗಾಲವಾದರೆ ಇನ್ನೂ ಜಾಸ್ತಿ. ಮೊದಲ ಹೂ ನೋಡಲು ಹೆಚ್ಚುಕಡಿಮೆ ಒಂದು ವರ್ಷ ಅಂದುಕೊಳ್ಳಿ, ಬೇಗ ಬಂದರೆ ಲಾಭ. ಮರಿಗಳನ್ನು ಬಿಡಿಸಿದ ಮೇಲೆ ತಾಯಿ ಎಲೆಯನ್ನು ಎಸೆಯಬೇಡಿ, ತೊಟ್ಟು ಮತ್ತೆ ಸ್ವಲ್ಪ ಕತ್ತರಿಸಿ ಊರಿದರೆ ಇನ್ನೊಂದು ಸಲ ಮರಿ ಕೊಡುತ್ತದೆ.

ಕೋಕೋಪೀಟ್ ಇಟ್ಟಿಗೆ ತಂದವರು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಉಪ್ಪಿನ ಅಂಶ ಹೋಗಲಿ. ತೋಟದ ಮಣ್ಣು, ಕಾಫಿ ಸಿಪ್ಪೆ ಗೊಬ್ಬರ, ಕಾಡಿನ ಎಲೆಗೊಬ್ಬರ ಯಾವುದೂ ಬೇಡ. ಕೊಡಗಿನವರಿಗೆ ಇದು ಒಪ್ಪಿಸುವುದು ಕಷ್ಟ, ಇಷ್ಟು ಒಳ್ಳೆ ಕಪ್ಪು ಮಣ್ಣು ಹಿತ್ತಲಲ್ಲೇ ಇರುವಾಗ ತೆಂಗಿನ ನಾರಿನ ಪುಡಿ ದುಡ್ಡು ಕೊಟ್ಟು ತರಬೇಕಾ ಅಂತಾರೆ. ಆದರೆ ಕಾಫಿ ಮತ್ತು ಮೆಣಸಿನ ಬೇರಿಗೆ ಹತ್ತುವ ಹಿಟ್ಟು ತಿಗಣೆ ಆ ಮಣ್ಣಿನ ಜೊತೆಯೇ ಕುಂಡಕ್ಕೆ ಬರುತ್ತದೆ. ಗಿಡ ಸುಮ್ನೆ ಸೊರಗುತ್ತದೆ, ಮೇಲೆ ಏನೂ ಕಾಣಲ್ಲ. ಕುಂಡದಿಂದ ಎತ್ತಿ ನೋಡಿದರೆ ಬೇರಿನ ತುಂಬ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ. ಹೊಸದಾಗಿ ಬಂದ ಗಿಡವನ್ನು ಒಂದೆರಡು ತಿಂಗಳು ಬೇರೆ ಕೋಣೆಯಲ್ಲೇ ಇಡಿ, ಯಾರು ಕೊಟ್ಟಿದ್ದರೂ ಸರಿ. ಸ್ವಂತ ತಂಗಿ ಕೊಟ್ಟಿದ್ದರೂ ಸರಿ.

ಕುಂಡ ಸಣ್ಣದಿರಲಿ. ಎಲೆಗಳು ಹರಡಿದ ಅಗಲದ ಮೂರನೇ ಒಂದು ಭಾಗ ಸಾಕು. ಗೊಬ್ಬರಕ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನೀರಿನಲ್ಲಿ ಕರಗುವ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು. ಅದರಲ್ಲಿರುವ ಸಾರಜನಕದ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದ್ದು, ಈ ಗಿಡದ ಬೇರಿಗೆ ಅದು ಅಷ್ಟು ಹಿತ ಅಲ್ಲ. ಬೇರೆ ಸಿಗದಿದ್ದರೆ ಅದನ್ನೇ ಹಾಕಿ, ಆದರೆ ಲೀಟರಿಗೆ ಕಾಲು ಗ್ರಾಂ ಮೀರಬೇಡಿ. ಮಳೆಗಾಲದಲ್ಲಿ ಅದೂ ಬೇಡ.

ನೀರು. ಬಾವಿಯ ತಣ್ಣೀರನ್ನು ನೇರವಾಗಿ ಎಲೆಯ ಮೇಲೆ ಹಾಕಿದರೆ ಬಳೆ ಬಳೆಯಾಗಿ ಬಿಳಿ ಕಲೆ ಬೀಳುತ್ತದೆ. ಅದು ರೋಗ ಅಲ್ಲ, ಬಿಸಿಯಾಗಿರುವ ಎಲೆ ಒಮ್ಮೆಲೇ ತಣ್ಣಗಾದಾಗ ಒಳಗಿನ ಜೀವಕೋಶ ಹಾಳಾಗುವುದು. ಆ ಕಲೆ ಮತ್ತೆ ಹೋಗಲ್ಲ. ಒಳಗೇ ತುಂಬಿಸಿಟ್ಟ ನೀರನ್ನು, ಚಳಿಗಾಲದಲ್ಲಿ ಉಗುರು ಬೆಚ್ಚಗೆ ಮಾಡಿ, ತಟ್ಟೆಗೆ ಹಾಕಿ ಕೆಳಗಿನಿಂದ ಕುಡಿಸಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ಕುಂಡದ ತೂತಿನಿಂದ ಬತ್ತಿ ಇಳಿಸಿ ಕೆಳಗಿನ ಡಬ್ಬಿಯ ನೀರು ತಾನೇ ಏರುವ ಹಾಗೆಯೂ ಮಾಡಬಹುದು. ಹಳೇ ಸ್ವೆಟರಿನ ಸಿಂಥೆಟಿಕ್ ಉಲ್ಲನ್ ದಾರ ಇದಕ್ಕೆ ಸರಿಯಾಗುತ್ತದೆ, ಹತ್ತಿಯ ದಾರ ಬೇಗ ಕೊಳೆಯುತ್ತದೆ. ಫೆಬ್ರವರಿಯಿಂದ ಮೇ ತನಕ ಬತ್ತಿ ನನಗೆ ದೊಡ್ಡ ಉಪಕಾರ. ಮೊದಲ ಜೋರು ಮಳೆ ಬಂದ ದಿನ ಎಲ್ಲ ಬತ್ತಿಗಳನ್ನೂ ಎಳೆದು ಹಾಕುತ್ತೇನೆ.

ಯಾಕೆಂದರೆ ಇಲ್ಲಿ ಜುಲೈ, ಆಗಸ್ಟ್ ಅಂದರೆ ಹೊರಗಿನವರಿಗೆ ಅರ್ಥವೇ ಆಗಲ್ಲ. ಬಟ್ಟೆ ವಾರಗಟ್ಟಲೆ ಒಣಗಲ್ಲ, ಚಪ್ಪಲಿಗೆ ಬೂಸ್ಟು ಬರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಕೇಳಬಾರದು. ಕಕ್ಕಡ ಅನ್ನಿ, ಆಟಿ ಅನ್ನಿ, ಆ ತಿಂಗಳ ಹದಿನೆಂಟಕ್ಕೆ ಎಲ್ಲರ ಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ, ಕಡು ನೇರಳೆ ಬಣ್ಣದ್ದು, ಆ ದಿನ ಅಡುಗೆಮನೆಯಲ್ಲಿ ಪಾತ್ರೆ, ಸೌಟು, ಮಕ್ಕಳ ನಾಲಿಗೆ ಎಲ್ಲ ನೇರಳೆ, ಮರುದಿನ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಹೊಸ ಅಳಿಯಂದಿರು ಹೆದರುವುದೂ ಉಂಟು. ನನ್ನ ಕುಂಡಗಳಲ್ಲಿ ಮಾತ್ರ ಆಗ ಒಂದು ಹೂ ಇರಲ್ಲ. ಇರಬಾರದು ಕೂಡ.

ಆ ದಿನಗಳಲ್ಲಿ ಗಿಡ ಸಾಯುವುದು ಬುಡದ ಕೊಳೆಯಿಂದ. ಲಕ್ಷಣ ಮೋಸ ಮಾಡುತ್ತದೆ. ಎಲೆ ಜೋಲು ಬೀಳುತ್ತದೆ, ನೀರು ಸಾಲದ ಗಿಡದ ಹಾಗೆ ಕಾಣುತ್ತದೆ, ಪಾಪ ಅಂತ ಇನ್ನಷ್ಟು ನೀರು ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ಮಣ್ಣು ಮುಟ್ಟಿ ನೋಡಿ. ಒದ್ದೆ ಇದ್ದೂ ಎಲೆ ಜೋತಿದ್ದರೆ ಬೇರು ಹೋಗಿದೆ ಅಂತ ಅರ್ಥ. ಆಗ ಗಿಡ ಉಳಿಸಲು ಹೋಗಬೇಡಿ, ನಡುವಿನ ಗಟ್ಟಿ ಎಲೆ ಎರಡು ಮೂರು ತೆಗೆದು ಹೊಸ ಡಬ್ಬಿಯಲ್ಲಿ ಊರಿ. ತೊಟ್ಟು ಕತ್ತರಿಸಿದಾಗ ಒಳಗೆ ಕಂದು ಬಣ್ಣ ಕಂಡರೆ ಆ ಎಲೆಯೂ ಬೇಡ. ತೋಟಕ್ಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಉಳಿದಿದೆ ಅಂತ ಇದಕ್ಕೂ ಹೊಡೆಯುವವರಿದ್ದಾರೆ. ನಾನು ಹೊಡೆಯಲ್ಲ. ಈ ರೋಮದ ಎಲೆಯ ಮೇಲೆ ಅದು ಕೂತರೆ ತೆಗೆಯುವುದು ಯಾರು?

ನಾನು ಮಾಡುವುದು ಇಷ್ಟೇ. ಮೇ ತಿಂಗಳಲ್ಲೇ ಕೆಳಗಿನ ಸಾಲಿನ ಎಲೆಗಳನ್ನೆಲ್ಲ ತೆಗೆದು ಗಿಡವನ್ನು ಹಗುರ ಮಾಡುತ್ತೇನೆ. ಜಗಲಿಯಿಂದ ಒಳಗೆ, ಒಲೆಮನೆಗೆ ತಾಗಿದ ಕೋಣೆಗೆ ಸಾಗಿಸುತ್ತೇನೆ. ಅಲ್ಲಿ ಶೆಲ್ಫಿನ ಕೆಳಗೆ ಎಲ್‌ಇಡಿ ಟ್ಯೂಬ್‌ಲೈಟ್, ಗಿಡದಿಂದ ಒಂದಡಿ ಮೇಲೆ, ಕರೆಂಟು ಇದ್ದಾಗ ದಿನಕ್ಕೆ ಹನ್ನೆರಡು ಗಂಟೆ. ಇನ್ವರ್ಟರ್ ಇದಕ್ಕೆ ಕೊಡಲ್ಲ ಅಂತ ಮನೆಯವರ ತಕರಾರು, ಅದು ನ್ಯಾಯವೇ. ಸಣ್ಣ ಫ್ಯಾನ್ ಒಂದು ಗೋಡೆಗೆ ಮುಖ ಮಾಡಿ ಓಡುತ್ತಿರುತ್ತದೆ. ಕುಂಡ ಎತ್ತಿ ನೋಡಿ ಹಗುರ ಅನ್ನಿಸಿದರೆ ಮಾತ್ರ ನೀರು, ಕೆಲವಕ್ಕೆ ಎರಡು ವಾರವಾದರೂ ಬೇಕಾಗಲ್ಲ. ಎಲೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ, ಆ ಗಿಡಗಳ ನಡುವೆ ಜಾಗ ಜಾಸ್ತಿ ಬಿಡುತ್ತೇನೆ. ಇಷ್ಟು ಮಾಡಿದ ಮೇಲೂ ಕೆಲವು ಹೋಗುತ್ತವೆ. ಹೋಗಲಿ. ಅದರ ಮರಿ ಕುಶಾಲನಗರದಲ್ಲಿದೆ.

ಒಂದು ವರ್ಷ ತುಂಬಾ ಆಸೆಪಟ್ಟು ತರಿಸಿದ್ದ ಗುಲಾಬಿ ಬಣ್ಣದ ಫ್ಯಾಂಟಸಿಯೊಂದು ಜುಲೈಯಲ್ಲಿ ನಮ್ಮಲ್ಲಿ ಕೊಳೆತುಹೋಯಿತು. ಮಡಿಕೇರಿಯ ಟೀಚರ್ ಹತ್ತಿರವೂ ಅದೇ ಕಥೆ. ನಾದಿನಿಯ ಮನೆಯಲ್ಲಿ ಉಳಿದಿತ್ತು. ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣಕ್ಕೆ ಬಂದವಳು ನಾಲ್ಕು ಎಲೆ ತಂದುಕೊಟ್ಟಳು. ಅದರಲ್ಲಿ ಬಂದ ಮರಿಗಳಲ್ಲಿ ಒಂದು ಚುಕ್ಕಿಯೇ ಇಲ್ಲದೆ ಅಚ್ಚ ಗುಲಾಬಿ ಹೂ ಬಿಟ್ಟಿತು. ಫ್ಯಾಂಟಸಿಗಳು ಹೀಗೆ ಆಗಾಗ ಜಾರುತ್ತವೆ, ಇದಕ್ಕೆ ಸ್ಪೋರ್ಟ್ ಅನ್ನುತ್ತಾರೆ. ಆ ಮರಿಗೆ ಬರೀ ಮೂಲ ಹೆಸರು ಬರೆಯುವ ಹಾಗಿಲ್ಲ. ಚೀಟಿಯಲ್ಲಿ ಮೂಲ ಹೆಸರು, ಪಕ್ಕದಲ್ಲಿ "ಸ್ಪೋರ್ಟ್" ಅಂತ ಬರೆದಿದ್ದೇನೆ. ನೋಡಿದವರೆಲ್ಲ ಮೂಲಕ್ಕಿಂತ ಅದನ್ನೇ ಕೇಳುತ್ತಿದ್ದಾರೆ, ನನಗೆ ಮಾತ್ರ ಚುಕ್ಕಿ ಇದ್ದದ್ದೇ ಇಷ್ಟ.

ಕೊರಿಯರ್‌ನಲ್ಲಿ ತರಿಸುವುದಾದರೆ ನವೆಂಬರ್ ಅಥವಾ ಫೆಬ್ರವರಿ, ಬೇರೆ ತಿಂಗಳು ಬೇಡ. ಇಡೀ ಗಿಡಕ್ಕಿಂತ ಎಲೆ ತರಿಸಿ, ಕಡಿಮೆ ಹಾಳಾಗುತ್ತದೆ, ಕಡಿಮೆ ಹುಳ ಬರುತ್ತದೆ. ಬಂದ ಎಲೆ ಮೆತ್ತಗಾಗಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಪೂರ್ತಿ ಮುಳುಗಿಸಿಟ್ಟರೆ ಬಿಗಿಯಾಗುತ್ತದೆ. ಬೆಲೆ ನೋಡಿ ಮಾತಾಡಿ. ಒಂದು ಎಲೆಗೆ ನೂರು, ಇನ್ನೂರು ಕೇಳುತ್ತಾರೆ, ಹೊಸ ಹೆಸರಾದರೆ ಇನ್ನೂ ಜಾಸ್ತಿ. ನಮ್ಮ ಕೂಟದಲ್ಲಿ ದುಡ್ಡಿನ ಮಾತಿಲ್ಲ, ಎಲೆಗೆ ಎಲೆ.

ಈಗ ಕೊಡಲು ನನ್ನ ಬಳಿ ಇರುವುದು ಅತ್ತೆಯ ನೇರಳೆ, ಗುಲಾಬಿ ಸ್ಪೋರ್ಟ್, ಬಿಳಿ ಅಂಚಿನ ನೀಲಿ ಒಂದು, ಮತ್ತೆ ಟಾಮಿ ಲೂ ಎಲೆಯದು. ನನಗೆ ಬೇಕಾಗಿರುವುದು ಟ್ರೇಲರ್, ಯಾವ ಬಣ್ಣವಾದರೂ ಸರಿ, ಒಂಟಿ ಎಸಳಾದರೆ ಒಳ್ಳೇದು. ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ಯಾರಾದರೂ ಇದ್ದರೆ ಹೇಳಿ, ಆ ಕಡೆ ನಮಗೆ ಒಂದು ಮನೆಯೂ ಇಲ್ಲ. ಎಲೆ ಕಳಿಸುವಾಗ ಹೆಸರನ್ನು ಕಾಗದದಲ್ಲಿ ಬರೆದು ಸುತ್ತಬೇಡಿ, ಒದ್ದೆಯಾಗಿ ಹರಿದುಹೋಗುತ್ತದೆ. ಮಾರ್ಕರ್ ಪೆನ್ನಿನಲ್ಲಿ ಎಲೆಯ ಮೇಲೇ ಬರೆಯಿರಿ, ಎಲೆಗೆ ಏನೂ ಆಗಲ್ಲ.